ಕುರ್ರ್ ಎಂದ ಮೇಲೆ ಏನೆನ್ನಬೇಕು?

ಪ್ರೀತಿಯ ತಮ್ಮಂದಿರಿಗೂ ಅವರ ಮಡದಿಯರಿಗೂ ಅಕ್ಕನ ಆಶೀರ್ವಾದಗಳು. ಉಭಯಕುಶಲೋಪರಿ ಸಾಂಪ್ರತ: ನನ್ನ ಬೆನ್ನೊಂದನ್ನು ಬಿಟ್ಟು ಉಳಿದದ್ದೆಲ್ಲ ಕ್ಷೇಮ.

ನಮ್ಮ ಧಾರವಾಡ, ಬೆಳಗಾವಿ ಕಡೆ ತೊಟ್ಟಿಲು ಹಾಕುವ ದಿನ ಸೋದರತ್ತೆಗೆ ಇರುವ ಅಧಿಕಾರ ನಿಮಗೆ ಗೊತ್ತೇ ಇದೆ. ಕೂಸಿನ ಕಿವಿಗೆ ಬಾಗಿ 'ಕುರ್ರ್' ಅಂದು ಹೆಸರು ಉಸುರಬೇಕು. ಉಸುರುವಾಗ ಹಿಂದೆ ನಿಂತ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ. 'ಬಸವರಾಜ' ಎನ್ನುವ ಕಾಲಕ್ಕೆ ಎರಡೇ ಗುದ್ದಿಗೆ ಶಾಸ್ತ್ರ ಮುಗಿದು, ಎಲ್ಲರೂ ಗುಗ್ಗರಿಯ ಕಡೆ ತಿರುಗುತ್ತಿದ್ದರು. ಈಗ 'ಹ್ರಿಧಾನ್ಶ್' ಎನ್ನಲು ನನ್ನ ನಾಲಿಗೆ ಹೊರಳುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಒಂದೊಂದು ಸರದಿ ಮುಗಿಸಿರುತ್ತಾರೆ. ನೀವು ಉಡಿಸುವ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಈ ನಷ್ಟವನ್ನು ತುಂಬುವುದಿಲ್ಲ. ಆದ್ದರಿಂದ ಈ ಪತ್ರ.

ಹಿಂದೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ಊರು ನಗುತ್ತಿತ್ತು. ನೀವು ಕೂಸು ಹುಟ್ಟುವ ಮುಂಚೆ ವಾಟ್ಸ್‌ಆ್ಯಪ್ ಗುಂಪು ಕಟ್ಟಿ, ಹೆಸರಿಗೆ ಮತದಾನ ಇಟ್ಟು, ಗೆದ್ದ ಹೆಸರಿನಲ್ಲಿ ಇಮೇಲ್ ವಿಳಾಸವನ್ನೂ ಹಿಡಿದಿಡುತ್ತೀರಿ. ಅಜ್ಜಿ ಸೂಚಿಸಿದ ಹೆಸರಿಗೆ ಆ ಚುನಾವಣೆಯಲ್ಲಿ ಠೇವಣಿಯೂ ಉಳಿಯುವುದಿಲ್ಲ. ಗೆದ್ದ ಹೆಸರಿನ ಅರ್ಥವೇನಪ್ಪಾ ಎಂದರೆ ಎಲ್ಲರದೂ ಒಂದೇ ಉತ್ತರ: "ವಿಷ್ಣುವಿನ ಹೆಸರು, ಅಕ್ಕಾ." ಭೀಷ್ಮ ಬಾಣಗಳ ಮೇಲೆ ಮಲಗಿಕೊಂಡೇ ಸಾವಿರ ಹೆಸರು ಹೇಳಿದ. ಅದಕ್ಕೆ ಶಂಕರಾಚಾರ್ಯರ ಹೆಸರಿನ ಭಾಷ್ಯವೂ ಇದೆ. ಇಬ್ಬರ ಕಣ್ಣಿಗೂ ಬೀಳದ ಕಿಯಾನ್, ವಿಯಾನ್, ಝಿಯಾನ್ ನಿಮ್ಮ ಮೊಬೈಲಿನಲ್ಲಿ ಸಿಕ್ಕಿವೆ. ಹೆಣ್ಣು ಕೂಸಾದರೆ ಲಕ್ಷ್ಮಿಯ ಹೆಸರಂತೆ. ಆ ಗಂಡಹೆಂಡಿರಿಬ್ಬರೂ ಇಷ್ಟು ಹೆಸರುಗಳಿಗೆ ಓಗೊಡುತ್ತ ಕೂತರೆ ಲೋಕ ನಡೆಸುವುದು ಯಾವಾಗ?

ಇದಾದರೂ ಸಹಿಸಿಯೇನು. ಅಪ್ಪನ ಅರ್ಧ, ಅಮ್ಮನ ಅರ್ಧ ಕತ್ತರಿಸಿ ಜೋಡಿಸುವ ಕಸುಬು ಇದೆಯಲ್ಲ, ನನ್ನ ಮುಖ್ಯ ತಕರಾರು ಅದರ ಮೇಲೆ. ಬಸವರಾಜ ಮತ್ತು ದಾಕ್ಷಾಯಣಿ ಸೇರಿದರೆ 'ಬದಾ' ಆಗುತ್ತದೆ. ಮೊದಲಕ್ಷರ ಎಳೆದು ಇನ್ನೊಂದಕ್ಷರ ಸೇರಿಸಿದರೆ ಚಾಲುಕ್ಯರ ರಾಜಧಾನಿ ಬಾದಾಮಿ. ಚಂದ್ರಶೇಖರ ಮತ್ತು ಪಾರ್ವತಿ ಸೇರಿದರೆ 'ಚಂಪಾ' ಬರುತ್ತದೆ ನಿಜ, ಆದರೆ ಅದು ಕವಿ ಚಂದ್ರಶೇಖರ ಪಾಟೀಲರ ಹೆಸರಿನಲ್ಲಿ ಧಾರವಾಡದಲ್ಲಿ ಆಗಲೇ ಖರ್ಚಾಗಿಹೋಗಿದೆ. ಎರಡು ಹೆಸರು ಕೂಡಿಸುವುದು ನಮ್ಮವರಿಗೆ ಗೊತ್ತಿರಲಿಲ್ಲವೇ? ಸೀತಾರಾಮ, ಲಕ್ಷ್ಮೀನಾರಾಯಣ, ಶಂಕರನಾರಾಯಣ ಎಲ್ಲ ಕೂಡಿಸಿದವೇ. ದಾವಣಗೆರೆ ಪಕ್ಕದ ಹರಿಹರದಲ್ಲಿ ಹೊಯ್ಸಳರ ಕಾಲದಿಂದ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ, ಪೂರ್ತಿ ಹೆಸರಿನೊಂದಿಗೆ. ಆ ಕೆಲಸ ನಿಮ್ಮ ಕೈಗೆ ಬಂದಿದ್ದರೆ ಊರಿನ ಹೆಸರು 'ಹಹ' ಆಗುತ್ತಿತ್ತು.

ಕುವೆಂಪು ಹೆಸರೂ ಹಾಗೇ ಅಲ್ಲವೇ ಎಂದು ನನ್ನ ಬಾಯಿ ಮುಚ್ಚಿಸಲು ಬರಬೇಡಿ. ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ ಸೇರಿ ಕುವೆಂಪು ಆದದ್ದು ಅವರು ಬೆಳೆದು, ಬರೆಯತೊಡಗಿದ ಮೇಲೆ. ಮನೆಯವರು ಇಟ್ಟದ್ದು ಪುಟ್ಟಪ್ಪ ಎಂದೇ. ಅವರು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ ಎಂದು ಯಾರೂ ಕೇಳಿರದ ಹೆಸರಿಟ್ಟರು ಎನ್ನುತ್ತೀರಾ? ಇಟ್ಟರು. ಆ ಹೆಸರುಗಳಲ್ಲಿ ಚಂದ್ರ ಇದ್ದಾನೆ, ಕೋಗಿಲೆ ಇದೆ, ಚೈತ್ರಮಾಸವಿದೆ. ಎಷ್ಟು ಹುಡುಕಿದರೂ ಪುಟ್ಟಪ್ಪನವರೂ ಅವರ ಮಡದಿ ಹೇಮಾವತಿಯೂ ಸಿಗುವುದಿಲ್ಲ. ನಿಮ್ಮ ಕೂಸಿನ ಹೆಸರಿನಲ್ಲಿ ಮಾತ್ರ ನೀವಿಬ್ಬರೇ ತುಂಬಿಕೊಂಡು, ಕೂಸಿಗೆ ಕಾಲು ಚಾಚಲೂ ಜಾಗ ಬಿಟ್ಟಿಲ್ಲ. ನಾಳೆ ಎರಡನೆಯದು ಹುಟ್ಟಿದರೆ ಉಳಿದ ತುಂಡುಗಳನ್ನು ಅದಕ್ಕೆ ಕೊಡುತ್ತೀರೋ?

ಇನ್ನು ನಕ್ಷತ್ರದ ಅಕ್ಷರ. ಆರ್ದ್ರಾ ನಕ್ಷತ್ರಕ್ಕೆ ಪಂಚಾಂಗ ಕೊಡುವುದು ಕು, ಘ, ಙ, ಛ. ಮೂರನೇ ಪಾದದಲ್ಲಿ ಹುಟ್ಟಿದ ಕೂಸಿಗೆ ಙ. ಕನ್ನಡ ವರ್ಣಮಾಲೆ ಕಲಿಯುವಾಗ ಒಮ್ಮೆ ಹೇಳಿ ಬಿಟ್ಟ ಅಕ್ಷರವದು. ಹಿಂದಿನ ಜೋಯಿಸರು 'ಗ' ಹಿಡಿದು ಗಂಗಾಧರ ಎಂದು ಬರೆದು ದಕ್ಷಿಣೆ ತಗೊಂಡು ಏಳುತ್ತಿದ್ದರು. ನೀವೋ ಇಂಗ್ಲಿಷಿನ ಎನ್ ಮತ್ತು ಜಿ ಜೋಡಿಸಿ ಹೊಸದೊಂದನ್ನು ಹುಟ್ಟಿಸಲು ಕೂರುತ್ತೀರಿ. ಸಂಖ್ಯಾಶಾಸ್ತ್ರದವನು ಸೇರಿಸಲು ಹೇಳಿದ ಎರಡನೇ 'ಎ', ಮೂರನೇ 'ವಿ' ಅದೃಷ್ಟ ತರುವುದೂ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡದಲ್ಲಿ ಬರೆದ ಕೂಡಲೇ ಆ ಅಕ್ಷರವೂ ಮಾಯ, ಅದೃಷ್ಟವೂ ಮಾಯ.

ಕನ್ನಡದಲ್ಲಿ ಬರೆಯುವ ಕಷ್ಟ ಕೇಳಬೇಕಾದರೆ ಜನನ ನೋಂದಣಿ ಗುಮಾಸ್ತರನ್ನು ಕೇಳಿ. ಪ್ರಮಾಣಪತ್ರದಲ್ಲಿ ಹೆಸರು ಎರಡೂ ಲಿಪಿಯಲ್ಲಿ ಬೀಳಬೇಕು. "ಶಂಕರದ ಶ ಬರೆಯಲೇ, ಷಣ್ಮುಖನ ಷ ಬರೆಯಲೇ? ಕೃ ಬೇಕೋ ಕ್ರಿ ಬೇಕೋ?" ಎಂದು ಅವರು ಕೇಳಿದರೆ ಅಪ್ಪ ಅಮ್ಮನ ಮುಖ ನೋಡುತ್ತಾನೆ, ಅಮ್ಮ ಮೊಬೈಲು ನೋಡುತ್ತಾಳೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಮದುವೆ ನೋಂದಣಿಯವರೆಗೂ ಜನನದ ದಾಖಲೆ ಇದೊಂದೇ. ಅಂದು ಕೌಂಟರಿನಲ್ಲಿ ಗಾಬರಿಯಿಂದ ಆರಿಸಿದ ಷಕಾರ ಕೂಸಿನ ಲಗ್ನಪತ್ರಿಕೆಯವರೆಗೂ ಬರುತ್ತದೆ.

ಯಾರಿಗೂ ಇರದ ಹೆಸರು ಬೇಕೆಂದು ಹೊರಟವರೆಲ್ಲ ಒಂದೇ ಅಂಗಡಿ ಹೊಕ್ಕಿದ್ದೀರಿ. ಅಂಗನವಾಡಿಯಲ್ಲಿ 'ರಿಯಾನ್' ಎಂದರೆ ನಾಲ್ಕು ಯಾನ್‌ಗಳು ಎದ್ದು ನಿಲ್ಲುತ್ತವೆ. ನಮ್ಮ ತರಗತಿಯಲ್ಲೂ ಬಸವರಾಜರು ಬೇಕಾದಷ್ಟಿದ್ದರು. ಆದರೆ ದೊಡ್ಡ ಬಸ್ಯಾ, ಗಿರಣಿ ಬಸ್ಯಾ, ಸಂಶಿ ಬಸ್ಯಾ ಬೇರೆ ಬೇರೆ. ಗಿರಣಿ ಬಸ್ಯಾ ಮಾಡಿದ ತಪ್ಪಿಗೆ ಸಂಶಿ ಬಸ್ಯಾ ಏಟು ತಿಂದದ್ದಿಲ್ಲ. ಕೂಗುವುದಕ್ಕೂ ಸಲೀಸು. ಕೊನೆಗೊಂದು ಸ್ವರವಿದ್ದರೆ ಹೊಲದ ಬದುವಿನವರೆಗೂ ಎಳೆಯಬಹುದು: ಈರಣ್ಣಾ, ಶಾಂತವ್ವಾ. 'ಅನ್ಶ್' ಎಂದು ಮುಗಿಯುವುದನ್ನು ಎಳೆದರೆ 'ಶ್ಶ್ಶ್' ಎನಿಸುತ್ತದೆ. ಕರೆದ ಕೂಸು ಬರುವುದು ಬಿಟ್ಟು ಬಾಯಿ ಮುಚ್ಚಿಕೊಂಡು ಕೂರುತ್ತದೆ.

ಹಳೆಯದೆಲ್ಲ ಬಂಗಾರ ಎನ್ನುವವಳು ನಾನಲ್ಲ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಯಮನ ಕಣ್ಣು ತಪ್ಪಿಸಲು ತಿಪ್ಪಣ್ಣ, ಕಲ್ಲಪ್ಪ, ಹುಚ್ಚಪ್ಪ ಎಂದಿಟ್ಟರು. ಅದರ ಹಿಂದೆ ಒಬ್ಬ ತಾಯಿಯ ಭಯವಿತ್ತು. ಸಾಲಾಗಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ಕಡೆಯವಳನ್ನು ಸಾಕವ್ವ ಎಂದು ಕರೆದದ್ದಕ್ಕೆ ಅಂಥ ಯಾವ ನೆಪವೂ ಇಲ್ಲ. ಗಡಿಯಾಚೆಯ ಸಾತಾರಾ ಜಿಲ್ಲೆಯಲ್ಲಿ ಅದನ್ನೇ 'ನಕುಶಾ' ಎನ್ನುತ್ತಿದ್ದರು, ಬೇಡದವಳು ಎಂದು. 2011ರಲ್ಲಿ ಅಂಥ 285 ಹುಡುಗಿಯರಿಗೆ ಒಂದೇ ಸಮಾರಂಭದಲ್ಲಿ ಹೊಸ ಹೆಸರು ಕೊಟ್ಟರು. ಆ ಕೆಲಸಕ್ಕೆ ಎಷ್ಟು ಹೊಸ ಹೆಸರು ಹುಟ್ಟಿಸಿದರೂ ಅಡ್ಡಿಯಿಲ್ಲ, ವಿಷ್ಣುವಿನ ಲೆಕ್ಕಕ್ಕೇ ಬರೆಯಿರಿ.

ಹೊಸ ಹೆಸರು ಇಡುವುದನ್ನು ಕಲಿಯಬೇಕಾದರೆ ಬಿಡದಿ ಹತ್ತಿರದ ಭದ್ರಾಪುರಕ್ಕೆ ಹೋಗಿ, ಹಕ್ಕಿಪಿಕ್ಕಿ ಸಮುದಾಯದ ಹಿರಿಯರನ್ನು ಕಾಣಿ. (ಆ ಜಿಲ್ಲೆಯೇ 2025ರಲ್ಲಿ ರಾಮನಗರ ಎಂಬ ಹೆಸರು ಕಳಚಿ ಬೆಂಗಳೂರು ದಕ್ಷಿಣವಾಯಿತು, ಹೊಸ ಹೆಸರಿನ ಚಪಲ ನಿಮಗಷ್ಟೇ ಅಲ್ಲ.) ಕಾಡು ಬಿಟ್ಟು ಊರು ಸೇರಿದ ಅವರು ಕಂಡದ್ದರಲ್ಲಿ ಮೆಚ್ಚಿದ್ದನ್ನು ಮಕ್ಕಳಿಗೆ ಇಟ್ಟರು: ಹೈಕೋರ್ಟ್, ಗ್ಲೂಕೋಸ್, ಕಾಫಿ, ಮೈಸೂರು ಪಾಕ್. ಪೇಟೆಯ ಮಂದಿ ನಕ್ಕರು. ಆದರೆ ಮೈಸೂರು ಪಾಕ್ ಎಂಬುವನು ತನ್ನ ಹೆಸರಿನ ಅರ್ಥ ಹೇಳಲು ಮೊಬೈಲು ತೆರೆಯಬೇಕಾಗಿಲ್ಲ, ಮತ್ತು ಆ ಹೆಸರು ಕೇಳಿ ಬೇಸರಪಟ್ಟವರನ್ನು ನಾನಂತೂ ಕಾಣೆ.

ಕಡೆಗೊಂದು ಸಲಹೆ. ಜನನವನ್ನು 21 ದಿನದೊಳಗೆ ತಿಳಿಸಿದರೆ ಸಾಕು, ಹೆಸರನ್ನು ಆಮೇಲೂ ಸೇರಿಸಬಹುದು. 12 ತಿಂಗಳವರೆಗೆ ಶುಲ್ಕವಿಲ್ಲ. ತಡವಾದ ಶುಲ್ಕ ಕಟ್ಟಿದರೆ 15 ವರ್ಷದವರೆಗೂ ಅವಕಾಶವಿದೆ. ಅವಸರ ಮಾಡಬೇಡಿ. ವರ್ಷ ತುಂಬುವಷ್ಟರಲ್ಲಿ ಕೂಸು ಯಾವುದೋ ಒಂದು ಕೂಗಿಗೆ ತಿರುಗಿ ನೋಡಲು ಶುರುಮಾಡಿರುತ್ತದೆ. ಅದನ್ನೇ ಬರೆಸಿಬಿಡಿ. ಹಾಗೆ ಮಾಡಿದರೆ ರಾಜ್ಯದ ಅರ್ಧ ಮಕ್ಕಳು ಗುಂಡ, ಇನ್ನರ್ಧ ಚಿನ್ನಿ ಆಗುವ ಅಪಾಯವಿದೆ, ಒಪ್ಪುತ್ತೇನೆ. ಆದರೆ ಗುಂಡನ ಕಾಗುಣಿತ ಕೇಳಲು ಯಾವ ಗುಮಾಸ್ತನೂ ತಲೆಯೆತ್ತುವುದಿಲ್ಲ.

ಇಂತಿ,
ನಿಮ್ಮೆಲ್ಲ ಕೂಸುಗಳ ಸೋದರತ್ತೆ