ಕಂದಾಯ ಕಟ್ಟುವವರ ಲೆಕ್ಕ

ಮಧುಗಿರಿಯಲ್ಲಿ ಫೆಬ್ರವರಿ ಕೊನೆಗೇ ಬೇಸಿಗೆ ಶುರು. ಹಗಲೆಲ್ಲ ಕಾದ ಬೆಟ್ಟದ ಬಂಡೆ ಸಂಜೆ ಊರಿನ ಕಡೆಗೆ ಝಳ ಬಿಡುತ್ತದೆ. ಆ ಹೊತ್ತಿಗೆ ಪಕ್ಕದ ಮನೆ ಅಕ್ಕ ಕಾಂಪೌಂಡಿನ ಆಚೆ ಗೋಣಿತಾಟು ಹಾಸಿಕೊಂಡು ಹುಣಸೆಹಣ್ಣು ಕುಟ್ಟಲು ಕೂರುತ್ತಾರೆ. ಓಡು ಒಂದು ಕಡೆ, ನಾರು ಒಂದು ಕಡೆ, ಬೀಜ ಒಂದು ಕಡೆ. ಮಗ ಮೊದಲ ಪಿಯುಸಿ. ಜಗಲಿ ಮೇಲೆ ಕೂತು ಇತಿಹಾಸ ಉರು ಹೊಡೆಯುತ್ತಿದ್ದ: ಉದಾರವಾದ, ಸಂಪ್ರದಾಯವಾದ, ರಾಷ್ಟ್ರೀಯವಾದ, ಸಮಾಜವಾದ.

“ಮೇಷ್ಟ್ರೇ, ಈ ಉದಾರವಾದ ಅಂದ್ರೆ ಕೇಳಿದೋರಿಗೆಲ್ಲ ಕೊಡೋದಾ?” ಅಂದರು ಅಕ್ಕ.

“ಕೊಡೋದಲ್ಲ ಅಕ್ಕ. ರಾಜ ತನ್ನಿಷ್ಟ ಬಂದಂಗೆ ಆಳಬಾರದು, ಕಾನೂನಿಗೆ ಅವನೂ ತಲೆಬಾಗಬೇಕು, ತೆರಿಗೆ ಕಟ್ಟೋರನ್ನ ಕೇಳಿ ಖರ್ಚು ಮಾಡಬೇಕು ಅನ್ನೋದು.”

“ಸರಿಯಾಗೇ ಇದೆಯಲ್ಲ!”

ಮಾತೇನೋ ಸರಿಯೇ. ಆದರೆ ಯಾರನ್ನು ಕೇಳಬೇಕು ಎನ್ನುವಲ್ಲಿ ಗಂಟು ಬಿತ್ತು. ನೆಪೋಲಿಯನ್ ಸೋತ ಮೇಲೆ, 1815ರಲ್ಲಿ, ಆಸ್ಟ್ರಿಯಾದ ಮೆಟರ್ನಿಕ್ ಮುಂತಾದವರು ವಿಯೆನ್ನಾದಲ್ಲಿ ಸೇರಿ ಹಳೆಯ ರಾಜಮನೆತನಗಳನ್ನು ಮತ್ತೆ ಗದ್ದುಗೆಗೆ ಕೂರಿಸಿದರು. ಅದು ಸಂಪ್ರದಾಯವಾದದ ಕಾಲ. 1830ರ ಜುಲೈನಲ್ಲಿ ಪ್ಯಾರಿಸ್ ಜನ ಬೀದಿಗಿಳಿದು ದೊರೆ ಹತ್ತನೇ ಚಾರ್ಲ್ಸ್‌ನನ್ನು ಓಡಿಸಿದರು. ಪ್ರಾಣ ಕೊಟ್ಟವರಲ್ಲಿ ಕೂಲಿಗಳೂ ಕುಶಲಕರ್ಮಿಗಳೂ ಇದ್ದರು. ಓಟು ಸಿಕ್ಕಿದ್ದು ಮಾತ್ರ ವರ್ಷಕ್ಕೆ 200 ಫ್ರಾಂಕ್ ತೆರಿಗೆ ಕಟ್ಟುವವರಿಗೆ. ಫ್ರಾನ್ಸಿನಲ್ಲಿ 3 ಕೋಟಿಗೂ ಹೆಚ್ಚು ಜನ, ಓಟಿದ್ದವರು 2.5 ಲಕ್ಷವೂ ಇಲ್ಲ.

ಅದೇ 1830ರಲ್ಲಿ ನಮ್ಮ ಮೈಸೂರು ಸೀಮೆ ಏನು ಮಾಡುತ್ತಿತ್ತು? ಹುಡುಗನ ಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿ ಬರಲಿಲ್ಲ, ಅದಕ್ಕೆ ಹೇಳಿದೆ. ಮಲೆನಾಡಿನ ನಗರ ಸೀಮೆಯ ರೈತರು ಕೂಟ ಕಟ್ಟಿಕೊಂಡು ಕಂದಾಯ ಕೊಡುವುದಿಲ್ಲ ಎಂದು ಎದ್ದರು. ಅವರ ಕೈಯಲ್ಲಿ ಯಾವ ವಾದದ ಪುಸ್ತಕವೂ ಇರಲಿಲ್ಲ. ದಂಗೆ ನೆಪ ಮಾಡಿಕೊಂಡು ಇಂಗ್ಲಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಅದು ಮತ್ತೆ ಒಡೆಯರ ಮನೆಗೆ ಬಂದದ್ದು 50 ವರ್ಷದ ಮೇಲೆ.

ಅಷ್ಟರೊಳಗೆ ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ ಬಂದು ಹೋಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನ 1881ರಲ್ಲಿ 42 ಲಕ್ಷಕ್ಕೂ ಕೆಳಗೆ ಇಳಿದಿತ್ತು. ಅದೇ 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ 144 ಜನರ ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ಯುರೋಪಿನ ಉದಾರವಾದ ನಮ್ಮ ತಾಲ್ಲೂಕುಗಳಿಗೆ ಬಂದ ಬಾಗಿಲು ಇದೇ. ದೊಡ್ಡ ಕೆಲಸ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ತಾಲ್ಲೂಕುಗಳಿಂದ ಹೋದವರು ಜಮೀನಿದ್ದ ದೊಡ್ಡ ರೈತರು, ಜೊತೆಗೆ ವರ್ತಕರು. ಅಹವಾಲು ಹೇಳಿಕೊಳ್ಳಬಹುದಿತ್ತು, ಮತ ಹಾಕಿ ತೀರ್ಮಾನ ಮಾಡುವಂತಿರಲಿಲ್ಲ. ಬರದಲ್ಲಿ ಮೊದಲು ಸತ್ತವನು ಕೂಲಿಯವನು. ಸಭೆಯಲ್ಲಿ ಅವನ ಪರವಾಗಿ ಅವನೇ ನಿಂತು ಮಾತಾಡಲು ಜಾಗವಿರಲಿಲ್ಲ.

“ಹಂಗಾದ್ರೆ ಸಮಾಜವಾದ ಹುಟ್ಟಿದ್ದು ಈ ಕೂಲಿಯವನ ಪ್ರಶ್ನೆಯಿಂದ್ಲೇ ಅನ್ನಿ ಸಾರ್,” ಅಂದ ಹುಡುಗ. ಪುಸ್ತಕ ಮುಚ್ಚಿಟ್ಟಿದ್ದ.

ಹೌದು. ಯುರೋಪಿನಲ್ಲಿ ಆ ಪ್ರಶ್ನೆ ಇನ್ನೂ ಮೊದಲೇ ಎದ್ದಿತ್ತು. 1848ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಮಾರ್ಕ್ಸ್, ಎಂಗೆಲ್ಸ್ ಅವರ ಕಮ್ಯುನಿಸ್ಟ್ ಪ್ರಣಾಳಿಕೆ ಅಚ್ಚಾಯಿತು. ಅದೇ ತಿಂಗಳು ಪ್ಯಾರಿಸ್ ಮತ್ತೆ ಎದ್ದಿತು. ಈ ಸಲ ಗಂಡಸರಿಗೆಲ್ಲ ಓಟು ಬಂತು. ಜೂನ್‌ನಲ್ಲಿ, ಕೆಲಸ ಕೊಡಿ ಎಂದ ಕೂಲಿಗಳ ಮೇಲೆ ಆ ಹೊಸ ಗಣರಾಜ್ಯದ ಸೈನ್ಯವೇ ಗುಂಡು ಹಾರಿಸಿತು. ಫೆಬ್ರವರಿಯಲ್ಲಿ ಒಟ್ಟಿಗೆ ನಿಂತಿದ್ದ ಉದಾರವಾದಿ, ಸಮಾಜವಾದಿ ಆವತ್ತು ಬೇರೆಯಾದರು.

ಆ ಪ್ರಣಾಳಿಕೆಯ ಬಿಸಿ ನಮ್ಮ ಸೀಮೆಗೂ ತಟ್ಟಿದೆ. 2005ರ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮಾರ್ಕ್ಸ್ ಹೆಸರು ಹೇಳುವ ನಕ್ಸಲರು ಪೊಲೀಸ್ ಕ್ಯಾಂಪಿನ ಮೇಲೆ ರಾತ್ರೋರಾತ್ರಿ ಬಿದ್ದರು. ಸತ್ತ ಕೆಎಸ್‌ಆರ್‌ಪಿ ಪೊಲೀಸರು ಸಂಬಳಕ್ಕೆ ದುಡಿಯಲು ಬಂದಿದ್ದ ಮನೆಮಕ್ಕಳು. ಅದರಿಂದ ಪಾವಗಡದ ಒಬ್ಬ ಕೂಲಿಯವನ ಮನೆಯ ಒಲೆಯೂ ಹೊತ್ತಿಕೊಳ್ಳಲಿಲ್ಲ. ಬಂದೂಕಿನ ದಾರಿ ತಪ್ಪು ಎಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಕೂಲಿಯವನ ಪ್ರಶ್ನೆ ಮಾತ್ರ ತಪ್ಪಲ್ಲ.

ಅಕ್ಕ ಕುಟ್ಟುವುದನ್ನು ನಿಲ್ಲಿಸಿದ್ದರು. ಅವರ ತವರು ಪಾವಗಡ ತಾಲ್ಲೂಕಿನ ತಿರುಮಣಿ. ಅಪ್ಪನ ಹೊಲದಲ್ಲಿ ಈಗ ಸೋಲಾರ್ ಪ್ಲೇಟುಗಳಿವೆ. ಅದು ಪಾವಗಡದ ಸೋಲಾರ್ ಪಾರ್ಕ್: ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಸೇರಿ ಐದು ಊರಿನ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಸರ್ಕಾರ ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಮಳೆ ಕೈಕೊಟ್ಟು ಕಡ್ಲೆಕಾಯಿ ಬೀಜದ ದುಡ್ಡೂ ಹುಟ್ಟದ ಸೀಮೆಯಲ್ಲಿ ಇದು ಒಳ್ಳೆಯ ಏರ್ಪಾಡೇ. ಪಹಣಿ ರೈತನ ಹೆಸರಲ್ಲೇ ಉಳಿದಿದೆ.

“ನಮ್ಮಪ್ಪಂಗೆ ದುಡ್ಡು ಬರ್ತದೆ ಮೇಷ್ಟ್ರೇ, ಸುಳ್ಳು ಹೇಳಬಾರದು,” ಅಂದರು ಅಕ್ಕ. “ನಮ್ ಹೊಲದಲ್ಲಿ ಕಳೆ ಕೀಳಕ್ಕೆ ಬರ್ತಿತ್ತಲ್ಲ ಒಬ್ಬ ಅಜ್ಜಿ, ಅವಳ ಮಕ್ಕಳು ಬೆಂಗಳೂರಿಗೆ ಹೋದ್ರು ಕೆಲಸಕ್ಕೆ. ಅಜ್ಜಿ ಒಬ್ಬಳೇ ಊರಲ್ಲಿ. ಅವಳಿಗೆ ಯಾರು ಕೊಡ್ತಾರೆ?”

ಹುಡುಗ ನನ್ನ ಮುಖ ನೋಡಿದ. ನಾಳೆ ಪರೀಕ್ಷೆಯಲ್ಲಿ ಉದಾರವಾದ, ಸಮಾಜವಾದಗಳ ವ್ಯತ್ಯಾಸ ಬರೆಯಿರಿ ಎಂದು ಬಂದರೆ ಪುಸ್ತಕದಲ್ಲಿದ್ದಂತೆ ಬರಿ, ಅಂಕ ಬೇಕು. ತಿಳಿದುಕೊಳ್ಳುವುದಾದರೆ ತಿರುಮಣಿಗೆ ಹೋಗಿ ಆ ಅಜ್ಜಿಯನ್ನು ಕೇಳು, ಅಂದೆ.

ಪ್ಯಾರಿಸ್ಸಿನಲ್ಲಿ 200 ಫ್ರಾಂಕ್ ಇಲ್ಲದವನಿಗೆ ಓಟಿರಲಿಲ್ಲ. ಮೈಸೂರಿನ ಸಭೆಯಲ್ಲಿ ಜಮೀನೋ ವ್ಯಾಪಾರವೋ ಇಲ್ಲದವನಿಗೆ ಕುರ್ಚಿ ಇರಲಿಲ್ಲ. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಆ ಹೊಲಗಳಲ್ಲಿ ಕಳೆ ಕಿತ್ತವರ ಹೆಸರು ಪಹಣಿಯಲ್ಲಿ ಇಲ್ಲ.