ಅತಿಥಿಗೊಬ್ಬ ರಾಕ್ಷಸ

ಹಗಲೆಲ್ಲ ಕಛೇರಿಯ ಲೆಕ್ಕಪತ್ರಗಳಲ್ಲಿ ವಿನೀತನಾಗಿ ಮುಳುಗಿದ್ದು, ಶನಿವಾರದ ಸಂಜೆಯಾಯಿತೆಂದರೆ ಊಟದ ಮೇಜನ್ನು ಆಕ್ರಮಿಸಿ ಮಹಾದಂಡನಾಯಕನಾಗಿಬಿಡುವ, ಐವತ್ತು ದಾಟಿದ ಗೃಹಸ್ಥನೊಬ್ಬನು ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ಊರಿಗೊಬ್ಬನಂತಾದರೂ ಉಂಟು. ಆತನ ಆರಾಧ್ಯದೈವ 'ಓಗರ್'. ಸ್ಟೀವ್ ಜ್ಯಾಕ್ಸನ್ ರಚಿಸಿ, 1977ರಲ್ಲಿ ಆಸ್ಟಿನ್ನಿನ ಮೆಟಾಗೇಮಿಂಗ್ ಸಂಸ್ಥೆಯು 2 ಡಾಲರ್ 95 ಸೆಂಟಿಗೆ ಮಾರಿದ ಈ ಕಾಗದದ ಸಮರದಲ್ಲಿ ಒಂದು ಕಡೆ ಟ್ಯಾಂಕು, ಫಿರಂಗಿ, ಕಾಲಾಳುಗಳ ದಂಡು. ಎದುರಿಗೆ, ಸ್ವಯಂಬುದ್ಧಿಯ ಏಕಾಕಿ ಯಂತ್ರರಾಕ್ಷಸ.

ಗುಡಿಯ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಡಿದವರಿಗೆ ಈ ವೈಷಮ್ಯ ಹೊಸದಲ್ಲ. ಆದರೆ ನಮ್ಮ ಹುಲಿ ಸಿಕ್ಕಿಬೀಳುವುದೇ ಹೊರತು ಅಂಗಾಂಗವಾಗಿ ಕಳಚಿಬೀಳುವುದಿಲ್ಲ. ಓಗರನೋ, ಕೈಕಾಲು ಕಡಿದರೂ ಬಾಯ್ದೆರೆದು ಬರುವ ಕುಂಭಕರ್ಣನ ವಂಶದವನು. ಅವನ ಮೂರನೆಯ ಮಾದರಿಗೆ 45 ಚಕ್ರಪಟ್ಟಿಗಳು. ಹದಿನೈದು ಹೋದಾಗಲೊಮ್ಮೆ ನಡೆಯಲ್ಲಿ ಒಂದು ಮನೆ ಕಡಿಮೆ. ದಾಳ 5 ಅಥವಾ 6 ಬಿದ್ದರೆ ಮಾತ್ರ ಪಟ್ಟಿ ಹರಿಯುವುದು; ಹರಿದಷ್ಟನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಹೊಡೆದುಹಾಕುವಾಗ ನಮ್ಮ ಗೃಹಸ್ಥನ ಮುಖದಲ್ಲಿ ಮೂಡುವ ಪ್ರಸನ್ನತೆಯನ್ನು ಸಂಬಳದ ದಿನದಂದೂ ಕಂಡವರಿಲ್ಲ.

ಹೊಸಬನು ಬಂದರೆ, "ಓಗರನನ್ನು ನೀವೇ ಇಟ್ಟುಕೊಳ್ಳಿ, ಒಂದೇ ಕಾಯಿ, ಬಹಳ ಸುಲಭ" ಎಂದು ಔದಾರ್ಯ ಮೆರೆಯುತ್ತಾನೆ, ಕದಲದ ಹೊವಿಟ್ಸರ್ ಫಿರಂಗಿಯ ಗುಂಡು ಎಂಟು ಮನೆ ದೂರಕ್ಕೆ ಮುಟ್ಟುವುದೆಂಬುದನ್ನು ಮೊದಲ ಗುಂಡು ಹಾರಿದ ಮೇಲೆ ತಿಳಿಸುತ್ತಾನೆ. ಇಷ್ಟಾಗಿಯೂ ಅತಿಥಿಯು ಏನೂ ಅರಿಯದೆ ನೆಟ್ಟಗೆ ನುಗ್ಗಿ ದಂಡಿನ ಠಾಣೆಯನ್ನೇ ತುಳಿದುಬಿಟ್ಟರೆ, "ಈ ಆಟ ಮೊದಲಿನಿಂದಲೂ ಓಗರನ ಪಕ್ಷಪಾತಿ" ಎಂದು ನಿಡುಸುಯ್ಯುವನು. ಮರುವಾರ ತಾನೇ ಓಗರನಾಗಿ, ಠಾಣೆಗೆ ಎರಡೇ ಮನೆ ಉಳಿದಿರುವಾಗ ಕಡೆಯ ಪಟ್ಟಿಯೂ ಹರಿದು ಕೂತಲ್ಲಿಯೇ ಕೂತನೆಂದರೆ, ಅದೇ ಆಟವು ರಕ್ಷಕರ ಪಕ್ಷಪಾತಿಯಾಗಿರುತ್ತದೆ! ಚದುರಂಗದಲ್ಲಿ ಉಭಯರಿಗೂ ಸಮಬಲವಾದ್ದರಿಂದ ಸೋತವನು ತನ್ನ ಬುದ್ಧಿಯನ್ನೇ ಹಳಿದುಕೊಳ್ಳಬೇಕು. ಇಲ್ಲಿಯೋ, ಇಬ್ಬರಿಗೂ ಅನ್ಯಾಯಕ್ಕೊಳಗಾದ ಸುಖ ಸರಿಯಾಗಿ ಸಲ್ಲುತ್ತದೆ. ನಲವತ್ತು ವರ್ಷ ಮೀರಿ ಈ ಆಟ ಬಾಳಿರುವುದು ಅದರಿಂದಲೇ ಎಂದು ನನ್ನ ಗುಮಾನಿ.

2012ರಲ್ಲಿ ಅಭಿಮಾನಿಗಳು ಒಂಬತ್ತು ಲಕ್ಷ ಡಾಲರಿಗೂ ಮಿಗಿಲಾಗಿ ಹಣ ಕೂಡಿಸಿ ಹೊರತರಿಸಿದ ಭಾರೀ ಪೆಟ್ಟಿಗೆಯೂ ಆತನಲ್ಲುಂಟು. ಮನೆಯಾಕೆ ಅದರ ಮೇಲೆ ಹೂಕುಂಡವಿಟ್ಟಿದ್ದಾಳೆ. ಆಡುವುದೇನಿದ್ದರೂ ಹದಿಮೂರರ ಹರೆಯದಲ್ಲಿ ಕೊಂಡ ಹಳೆಯ ಪ್ರತಿಯಲ್ಲೇ. ರಾತ್ರಿ ಹನ್ನೊಂದಾಗಿ ಅತಿಥಿಯು ಕೋಟಿಗೆ ಕೈಹಾಕುವಷ್ಟರಲ್ಲಿ, ತಿಕ್ಕಿ ತಿಕ್ಕಿ ತೂತುಬಿದ್ದ ಚೀಟಿಯ ಮೇಲೆ ರಬ್ಬರನ್ನು ಮೆಲ್ಲಗೆ ಆಡಿಸುತ್ತ, 45 ಪಟ್ಟಿಗಳನ್ನೂ ಮರಳಿ ಕೊಟ್ಟು, ತಲೆಯೆತ್ತದೆಯೇ ಕೇಳುತ್ತಾನೆ: "ಈ ಸಲ ಪಕ್ಷ ಬದಲಾಯಿಸೋಣವೆ?"