ಪೀಠಿಕೆ ಯಜಮಾನರು

ಎದುರಿಗಿರುವವರ ಊರು, ಮನೆತನ, ಬೀಗತನ ತಿಳಿಯದೆ, ತಮ್ಮದನ್ನೂ ತಿಳಿಸದೆ ಯಾವ ವಿಷಯಕ್ಕೂ ಕೈ ಹಾಕದ ಹಿರಿಯರೇ ಪೀಠಿಕೆ ಯಜಮಾನರು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಬಸ್ ನಿಲ್ದಾಣ, ಸಂತೆ, ಮದುವೆ ಊಟದ ಪಂಕ್ತಿ, ತಾಲ್ಲೂಕು ಕಚೇರಿಯ ಮೆಟ್ಟಿಲು, ಎಲ್ಲೆಡೆಯೂ ಇವರು ಹೇರಳ. ಬಿಳಿ ಪಂಚೆ, ಹೆಗಲ ಮೇಲಿನ ಟವೆಲ್, ಎಲೆಅಡಿಕೆ ಚೀಲ ಇವರ ಹೊರ ಲಕ್ಷಣಗಳು. ಅವಸರವಿಲ್ಲದಿರುವುದು ಮುಖ್ಯ ಲಕ್ಷಣ.

ವಿಚಾರಣೆಗೆ ಕ್ರಮವಿದೆ. ಮೊದಲು "ಯಾವೂರಾತು ನಿಮ್ದು?", ಆಮೇಲೆ "ಯಾರ ಪೈಕಿ?", ಕೊನೆಗೆ "ಮನೆದೇವ್ರು ಯಾವ್ದು?" ಜಾತಿಯನ್ನು ನೇರವಾಗಿ ಕೇಳುವಷ್ಟು ಒರಟರಲ್ಲ, ಆ ಕೆಲಸವನ್ನು ಮನೆದೇವರಿಗೇ ವಹಿಸಿರುತ್ತಾರೆ. ಒಂದು ಎಳೆ ಸಿಕ್ಕರೆ ಸಾಕು: "ಸಂತೇಬೆನ್ನೂರಿನೋರಾ? ಹಂಗಾದ್ರೆ ನಿಮ್ಮ ದೊಡ್ಡಪ್ಪಾರು ನಮ್ಮ ಷಡ್ಡಕರ ಬೀಗರು. ನೀವು ನಮ್ಮೋರೇ ಬಿಡ್ರಿ." ಸಿಗದಿದ್ದರೆ ಆ ಊರಿನ ಹಳೇ ಮೇಷ್ಟ್ರು, ಕಾಂಪೌಂಡರ್, ಕಂಡಕ್ಟರ್ ಎಂದು ಹುಡುಕಾಟ ಮುಂದುವರಿಯುತ್ತದೆ.

ಸ್ವಂತ ಪೀಠಿಕೆ ಇನ್ನೂ ಉದ್ದ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. 2018ರಲ್ಲಿ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಕೂತ ಕಟ್ಟೆ ಬಿಟ್ಟೇಳದೆ ಎರಡು ಜಿಲ್ಲೆ, ಎರಡು ತಾಲ್ಲೂಕು ಕಂಡ ನ್ಯಾಮತಿಯ ಯಜಮಾನರಿಗೆ ಊರು ಹೇಳಿ ಮುಗಿಸಲಿಕ್ಕೇ ಒಂದು ಲೋಟ ಚಹಾ ಬೇಕು.

ಮುಂದಿನ ಪ್ರಶ್ನೆ ನೀರಿನ ಮೇಲೆ ನಿಂತಿದೆ. ಭದ್ರಾ ನಾಲೆ, ಅಡಿಕೆ ತೋಟಗಳ ಚನ್ನಗಿರಿಯಲ್ಲಿ "ತೋಟ ಎಷ್ಟೈತಿ?" ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ "ಗದ್ದೆ ಹೊಳೆ ಕಡೀಗೋ, ನಾಲೆ ಕಡೀಗೋ?" ಬರಕ್ಕೆ ಹೆಸರಾದ ಜಗಳೂರಿನಲ್ಲಿ "ಬೋರು ಎಷ್ಟಡಿಗೆ ಬಿತ್ತು?" ಇದನ್ನು ಕೇಳುವ ಮೊದಲು ತಮ್ಮ ಬತ್ತಿದ ಬೋರುಗಳ ಲೆಕ್ಕ ಒಪ್ಪಿಸುವುದು ಅಲ್ಲಿನ ಮರ್ಯಾದೆ.

ಈ ಪದ್ಧತಿ ಬರೀ ಕಾಲಹರಣವಲ್ಲ. ಅಡಿಕೆ ಫಸಲನ್ನು ಖೇಣಿಗೆ, ಎಂದರೆ ಗುತ್ತಿಗೆಗೆ, ಕೊಡುವಾಗ ಎಷ್ಟೋ ಸಲ ಮೊದಲು ಕೈಗೆ ಬರುವುದು ಮುಂಗಡ, ಉಳಿದದ್ದು ನಂಬಿಕೆ. ಖೇಣಿದಾರ ಬಾಕಿ ಎಳೆದಾಡಿದರೆ ಕರಾರು ಪತ್ರಕ್ಕಿಂತ ಬೇಗ ನೆರವಾಗುವುದು ಅವನ ಸೋದರಮಾವ ಯಾರೆಂಬ ತಿಳಿವಳಿಕೆ. ಸಾಲ, ಸಂಬಂಧ, ಜಮೀನು ವ್ಯವಹಾರಗಳಿಗೂ ಇದೇ ಜಾಮೀನು.

ಪದ್ಧತಿಯ ದೋಷ ಒಂದೇ: ಬಂದ ಕೆಲಸದ ಸರದಿ ಕೊನೆಗೆ ಬರುತ್ತದೆ. ಅಡಿಕೆ ಸುಲಿಯುವ ಮಿಷನ್ ಬಾಡಿಗೆಗೆ ಕೇಳಲು ಬಂದವನು ಮೂರು ತಲೆಮಾರು ದಾಟಿ, ಎರಡು ಸಲ ಚಹಾ ಕುಡಿದು, ಹೊರಡಲು ಎದ್ದಾಗ ವಿಷಯ ಎತ್ತುತ್ತಾನೆ. ಆಗ ಯಜಮಾನರು: "ಮೊದ್ಲೇ ಹೇಳಬಾರ್ದೇನಪ್ಪ? ಅದನ್ನ ಹೋದ್ವರ್ಷಾನೇ ಮಾರಿದ್ವಲ್ಲ. ತಗಂಡೋರು ಯಾರು ಗೊತ್ತೇನು? ನಮ್ಮ ಬೀಗರ ಪೈಕೀನೇ. ಕೂತ್ಕೋ, ಹೇಳ್ತೀನಿ."